ಗಾಯಕ್ಕೂ ಉಸಿರು ಬೇಕು

1960ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಇಟೆ ಬೂರೆಮಾ ಹಂದಿಮರಿಗಳನ್ನು ಒತ್ತಡದ ಕೋಣೆಯೊಳಗಿಟ್ಟು, ಅವುಗಳ ರಕ್ತವನ್ನು ಬಹುಪಾಲು ಹೊರತೆಗೆದು, ಆ ಜಾಗಕ್ಕೆ ಪ್ಲಾಸ್ಮಾದಂಥ ದ್ರವ ತುಂಬಿದರು. ಆಮ್ಲಜನಕ ಹೊರುವ ಕೆಂಪು ಕಣಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾದವು. ಆದರೂ ಮರಿಗಳು ಸಾಯಲಿಲ್ಲ. ಕೋಣೆಯ ಒತ್ತಡ ನಾವು ದಿನವೂ ಹೊರುವ ಗಾಳಿಯ ಒತ್ತಡದ ಸುಮಾರು ಮೂರು ಪಟ್ಟಿತ್ತು, ಅವು ಉಸಿರಾಡಿದ್ದು ಶುದ್ಧ ಆಮ್ಲಜನಕವನ್ನು.

ಇದರ ಗುಟ್ಟು ಗೋಲಿ ಸೋಡಾದಲ್ಲೇ ಇದೆ. ಒತ್ತಡ ಹೆಚ್ಚಿದಷ್ಟೂ ಅನಿಲ ನೀರಿನಲ್ಲಿ ಹೆಚ್ಚು ಕರಗುತ್ತದೆ. ಗೋಲಿ ಒತ್ತಿದೊಡನೆ ಒತ್ತಡ ಇಳಿದು, ಕರಗಿದ್ದ ಅನಿಲ ಬುರುಬುರು ಎಂದು ಮೇಲೇಳುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 20 ಮಿಲಿಲೀಟರ್ ಆಮ್ಲಜನಕವನ್ನು ಹಿಮೋಗ್ಲೋಬಿನ್ ಹೊತ್ತಿರುತ್ತದೆ. ದ್ರವದಲ್ಲಿ ನೇರವಾಗಿ ಕರಗಿರುವುದು ಬರೀ 0.3. ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಈ 0.3 ಹೆಚ್ಚುಕಡಿಮೆ 6 ಆಗುತ್ತದೆ. ಸುಮ್ಮನೆ ಮಲಗಿದ ದೇಹದ ಅಗತ್ಯಕ್ಕೆ ಅಷ್ಟು ಸಾಕು.

ಗಾಯಕ್ಕೆ ಇದರಿಂದೇನು? ಹಳೆಯ ಹುಣ್ಣಿನ ನಡುಭಾಗದಲ್ಲಿ ರಕ್ತನಾಳಗಳು ಹಾಳಾಗಿರುತ್ತವೆ, ಸುತ್ತ ಬಾವು. ಕೆಂಪು ಕಣ ನುಸುಳಲಾರದ ಕಡೆಗೂ ದ್ರವ ಜಿನುಗಬಲ್ಲದು, ಅದರಲ್ಲಿ ಕರಗಿದ ಆಮ್ಲಜನಕವೂ ಜೊತೆಗೆ ಸಾಗುತ್ತದೆ. ಗಾಯವನ್ನು ಹೆಣೆಯುವ ಕೊಲಾಜನ್ ನಾರಿನ ತಯಾರಿಕೆಗೆ ಆಮ್ಲಜನಕ ಬೇಕು. ಬಿಳಿ ರಕ್ತಕಣ ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ತಯಾರಿಸಲಿಕ್ಕೂ ಅದೇ ಬೇಕು.

ಪ್ಲಾಸ್ಟಿಕ್ ಸರ್ಜರಿಯ ವಾರ್ಡಿನಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಅಪಘಾತದಲ್ಲಿ ಮೂಳೆ ಕಾಣುವಂತೆ ಕಿತ್ತುಹೋದ ಕಾಲಿಗೆ ಬೇರೆಡೆಯ ಚರ್ಮ, ಮಾಂಸವನ್ನು ರಕ್ತನಾಳದ ಸಮೇತ ತಂದು ಹೊಲಿದಿದ್ದಾರೆ ಎನ್ನಿ. ಇದೇ ಫ್ಲ್ಯಾಪ್. ರಾತ್ರಿಯೆಲ್ಲ ನರ್ಸ್ ಬಂದು ಅದನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಬಿಳಿಚಿಕೊಂಡ ಜಾಗ ಎರಡು ಮೂರು ಸೆಕೆಂಡಿನಲ್ಲಿ ಕೆಂಪಾದರೆ ಸರಿ. ಬಿಳಿಚಿಕೊಂಡೇ ಇದ್ದರೆ ರಕ್ತ ಬರುತ್ತಿಲ್ಲ, ನೀಲಿಗಟ್ಟಿದರೆ ರಕ್ತ ವಾಪಸು ಹೋಗುತ್ತಿಲ್ಲ. ನಾಳ ಕಟ್ಟಿಕೊಂಡಿದ್ದರೆ ಮೊದಲು ಆಪರೇಷನ್ ಥಿಯೇಟರಿಗೇ ಒಯ್ಯಬೇಕು, ಯಾವ ಕೋಣೆಯೂ ಅದಕ್ಕೆ ಬದಲಿಯಲ್ಲ. ನಾಳ ಸರಿಯಿದ್ದೂ ಫ್ಲ್ಯಾಪಿನ ಅಂಚು ಸೊರಗುತ್ತಿದ್ದರೆ ಒತ್ತಡದ ಆಮ್ಲಜನಕ ಅದನ್ನು ಉಳಿಸಲು ನೆರವಾಗಬಹುದು. ಬಾವು ಇಳಿಯುತ್ತದೆ, ದಿನಗಳು ಕಳೆದಂತೆ ಹೊಸ ಸಣ್ಣ ನಾಳಗಳು ಚಿಗುರುತ್ತವೆ. ಚೆನ್ನಾಗಿ ಹಿಡಿದಿರುವ ಕಸಿಗೆ ಈ ಚಿಕಿತ್ಸೆ ಬೇಕಿಲ್ಲ.

ಕೋಣೆಯೊಳಗೆ ಒಂದು ಸಲಕ್ಕೆ ಸುಮಾರು ಒಂದೂವರೆ ಗಂಟೆ, ಇಂಥ 20ರಿಂದ 40 ಸಲ. ಒತ್ತಡ ಏರುವಾಗ ಚಾರ್ಮಾಡಿ ಘಾಟಿ ಇಳಿಯುವಾಗಿನಂತೆ ಕಿವಿ ಕಟ್ಟಿಕೊಳ್ಳುತ್ತದೆ, ಎಂಜಲು ನುಂಗುತ್ತಿರಬೇಕು. ಮೈಮೇಲೆ ಹತ್ತಿಬಟ್ಟೆ ಮಾತ್ರ. ತಲೆಗೆ ಎಣ್ಣೆ ಹಚ್ಚಿರಬಾರದು, ಮೊಬೈಲು, ಬೆಂಕಿಪೊಟ್ಟಣ ಒಳಗೆ ಹೋಗುವಂತಿಲ್ಲ. ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ: 1997ರಲ್ಲಿ ಮಿಲಾನಿನ ಆಸ್ಪತ್ರೆಯೊಂದರ ಇಂಥದೇ ಕೋಣೆಗೆ ಬೆಂಕಿ ಬಿದ್ದು 11 ಜನ ಸತ್ತರು.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ. 2010ರ ಸ್ವೀಡನ್ ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ, ಈ ಚಿಕಿತ್ಸೆ ಪಡೆದವರಲ್ಲಿ ಶೇ. 52 ಮಂದಿಗೆ ಹುಣ್ಣು ಪೂರ್ತಿ ಮಾಯಿತು, ಅದೇ ಕೋಣೆಯಲ್ಲಿ ಬರೀ ಗಾಳಿ ಉಸಿರಾಡಿದವರಲ್ಲಿ ಶೇ. 29 ಮಂದಿಗೆ. 2018ರ ನೆದರ್‌ಲ್ಯಾಂಡ್ಸ್ ಅಧ್ಯಯನದಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಹೀಗಿರುವಾಗ ಮುಪ್ಪು ತಡೆಯುತ್ತದೆ, ಆಟಿಸಂ ವಾಸಿಯಾಗುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ದುಡ್ಡು ಸುರಿಯಬೇಡಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಲಿನ ಹುಣ್ಣು ವಾರಗಟ್ಟಲೆ ಮಾಯದೆ ಉಳಿದಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಮೊದಲು ಪಾದದ ನಾಡಿ ಸಿಗುತ್ತದೆಯೇ, ರಕ್ತ ಅಲ್ಲಿಯವರೆಗೆ ಹರಿಯುತ್ತಿದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ. ಆಮ್ಲಜನಕದ ಕೋಣೆಯ ಮಾತು ಆಮೇಲಿನದು.