ಅಡಿಗೆಯವರ ಶುಚಿತ್ವವೂ ತಿಳಿವಳಿಕೆಯೂ: ಮೇರಿ ಮ್ಯಾಲನ್ ಪ್ರಸಂಗ

ಆಹಾರವನ್ನು ಸಿದ್ಧಪಡಿಸುವವರ ಕೈಯಿಂದ ರೋಗವು ಹರಡಿದಾಗ ಅದಕ್ಕೆ ಅವರ ಅಜ್ಞಾನವೇ ಕಾರಣವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಅಮೆರಿಕದಲ್ಲಿ ನಡೆದ ಮೇರಿ ಮ್ಯಾಲನ್ನಳ ಪ್ರಸಂಗವನ್ನು ಪರಿಶೀಲಿಸಿದರೆ ವಿಷಯವು ಅಷ್ಟು ಸರಳವಲ್ಲವೆಂಬುದು ನಮಗೆ ತೋರಿಬರುತ್ತದೆ.

೧೯೦೬ರ ಬೇಸಗೆಯಲ್ಲಿ ನ್ಯೂಯಾರ್ಕಿಗೆ ಸಮೀಪದ ಆಯ್‌ಸ್ಟರ್ ಬೇ ಎಂಬ ಊರಿನ ಬಾಡಿಗೆಯ ಮನೆಯೊಂದರಲ್ಲಿದ್ದ ೧೧ ಮಂದಿಯ ಪೈಕಿ ೬ ಮಂದಿಗೆ ಟೈಫಾಯಿಡ್, ಎಂದರೆ ವಿಷಮಶೀತಜ್ವರ, ತಗುಲಿತು. ಕಾರಣವನ್ನು ಶೋಧಿಸಲು ಬಂದ ಜಾರ್ಜ್ ಸೋಪರ್ ಎಂಬ ನೈರ್ಮಲ್ಯತಜ್ಞನು ನೀರು, ಹಾಲು, ಚರಂಡಿಗಳಲ್ಲಿ ದೋಷವನ್ನು ಕಾಣದೆ, ಜ್ವರಕ್ಕೆ ಕೆಲವು ವಾರಗಳ ಮುನ್ನ ಕೆಲಸಕ್ಕೆ ಸೇರಿ ಅನಂತರ ಬಿಟ್ಟುಹೋಗಿದ್ದ ಅಡಿಗೆಯವಳತ್ತ ಗಮನ ಹರಿಸಿದನು. ಆಕೆ ದುಡಿದಿದ್ದ ೮ ಕುಟುಂಬಗಳಲ್ಲಿ ೭ರಲ್ಲಿ ಇದೇ ಜ್ವರ ಕಾಣಿಸಿಕೊಂಡಿದ್ದಿತು.

ಬೇಯಿಸಿದ ಅಡಿಗೆಯಲ್ಲಿ ರೋಗಾಣುಗಳು ಕಾವಿಗೆ ಸಾಯುತ್ತವಷ್ಟೆ. ಹಾಗಿರಲು ರೋಗವು ಹರಡಿದುದು ಹೇಗೆ? ಆಕೆ ಹಸಿಯ ಪೀಚ್ ಹಣ್ಣನ್ನು ಹೆಚ್ಚಿ ಹಾಕಿ ಐಸ್‌ಕ್ರೀಮ್ ಮಾಡುತ್ತಿದ್ದಳು. ಸೋಪರನ ಅನುಮಾನ ನಿಂತದ್ದು ಅದರ ಮೇಲೆ. ಈ ರೋಗಾಣುಗಳು ಕೆಲವರ ಪಿತ್ತಕೋಶದಲ್ಲಿ ವರ್ಷಗಟ್ಟಲೆ ನೆಲಸಿ ಮಲದೊಡನೆ ಹೊರಬೀಳುತ್ತವೆ. ಶೌಚದ ಬಳಿಕ ಸಾಬೂನಿನಿಂದ ಚೆನ್ನಾಗಿ ತೊಳೆಯದ ಕೈ ಅವನ್ನು ಆಹಾರಕ್ಕೆ ಮುಟ್ಟಿಸುತ್ತದೆ. ಇಂಥವರಿಗೆ ಜ್ವರವಿಲ್ಲ, ನಿಶ್ಶಕ್ತಿಯಿಲ್ಲ. (ಮಿಂದು ಮಡಿಯುಟ್ಟ ಮಾತ್ರಕ್ಕೆ ಕೈ ಶುಚಿಯಾಯಿತೆಂದು ನಂಬುವ ನಮ್ಮವರಿಗೂ ಇದು ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ.)

೧೯೦೭ರಲ್ಲಿ ನಗರದ ಆರೋಗ್ಯಾಧಿಕಾರಿಗಳು ಆಕೆಯನ್ನು ಬಲಾತ್ಕಾರವಾಗಿ ಒಯ್ದು ಪರೀಕ್ಷಿಸಿ, ನಾರ್ತ್ ಬ್ರದರ್ ದ್ವೀಪದಲ್ಲಿ ಪ್ರತ್ಯೇಕವಾಗಿರಿಸಿದರು. ತನಗೆ ಎಂದೂ ಈ ಜ್ವರ ಬಂದಿಲ್ಲವೆಂಬುದು ಆಕೆಯ ವಾದ. ಆರೋಗ್ಯವಂತರೂ ರೋಗವನ್ನು ಹೊತ್ತು ತಿರುಗಬಲ್ಲರೆಂಬ ತತ್ತ್ವವು ವೈದ್ಯರಿಗೇ ಹೊಸದಾಗಿದ್ದ ಕಾಲದಲ್ಲಿ ಅದನ್ನು ಆಕೆ ನಂಬದಿದ್ದುದು ಸೋಜಿಗವಲ್ಲ. ೧೯೧೦ರಲ್ಲಿ, ಇನ್ನು ಅಡಿಗೆಯ ಕೆಲಸ ಮಾಡುವುದಿಲ್ಲವೆಂಬ ಮಾತು ಪಡೆದು ಬಿಡುಗಡೆಮಾಡಿದರು. ಆಗ ದೊರೆತ ಬಟ್ಟೆ ಒಗೆಯುವ ಕೆಲಸಕ್ಕೆ ಸಂಬಳ ಅಡಿಗೆಯದಕ್ಕಿಂತ ಕಡಿಮೆ. ೧೯೧೫ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ ೨೫ ಮಂದಿ ಜ್ವರಕ್ಕೆ ತುತ್ತಾಗಿ ಇಬ್ಬರು ಸತ್ತರು. ‘ಶ್ರೀಮತಿ ಬ್ರೌನ್’ ಎಂಬ ಹೆಸರಿನಿಂದ ಅಲ್ಲಿ ಅಡಿಗೆಗೆ ನಿಂತಿದ್ದವಳು ಮೇರಿಯೇ.

ಈ ಎರಡನೆಯ ಸಲ ಆಕೆಗೆ ಯಾರೂ ತಿಳಿಸಿ ಹೇಳಿರಲಿಲ್ಲವೆನ್ನಲಾಗದು. ಆಕೆಯ ತಪ್ಪನ್ನು ನಾವು ಮನ್ನಿಸುವುದೂ ಇಲ್ಲ. ಆದರೆ ಅಡಿಗೆಯಿಂದಲೇ ಜೀವಿಸುವವಳಿಂದ ಅದನ್ನು ಕಿತ್ತುಕೊಂಡು, ಅದಕ್ಕೆ ಸಮನಾದ ಜೀವನೋಪಾಯವನ್ನು ಕಲ್ಪಿಸದ ನಗರಾಡಳಿತವೂ ಆ ಸಾವುಗಳಿಗೆ ಹೊಣೆಯೆಂದು ನಮ್ಮ ಅಭಿಪ್ರಾಯ. ಆಕೆಯನ್ನು ಮತ್ತೆ ಅದೇ ದ್ವೀಪಕ್ಕೆ ಕಳುಹಿಸಲಾಯಿತು. ೧೯೩೮ರಲ್ಲಿ ಸಾಯುವವರೆಗೂ ಬಿಡುಗಡೆಯಾಗಲಿಲ್ಲ. ಅಷ್ಟರೊಳಗೆ ನ್ಯೂಯಾರ್ಕಿನಲ್ಲಿ ಇಂಥ ರೋಗವಾಹಕರನ್ನು ನೂರಾರು ಸಂಖ್ಯೆಯಲ್ಲಿ ಗುರುತಿಸಿದ್ದರು. ಅವರಲ್ಲಿ ಯಾರನ್ನೂ ಆಕೆಯಂತೆ ಜೀವಾವಧಿ ಕೂಡಿಹಾಕಲಿಲ್ಲ.