ನಾಲ್ಕು ಸೀಮೆಯವರ ದೇವರ ಮನೆ

ಡೊಂಬಿವಲಿ, ಕಲ್ಯಾಣ್, ಥಾಣೆಯ ನಮ್ಮ ಕನ್ನಡಿಗರಿಗೆ ರಜೆಯ ದಿನದ ತಿರುಗಾಟವೆಂದರೆ ಟಿಟ್ವಾಳಾದ ಗಣಪತಿ, ಇಲ್ಲವೇ ಅಂಬರನಾಥದ ಪ್ರಾಚೀನ ಶಿವಾಲಯ. ಕಳೆದ ರಜೆಯಲ್ಲಿ ನಾವು ಮಕ್ಕಳು, ಅಜ್ಜಿ ಸಮೇತ ಹಾರ್ಬರ್ ಲೈನಿನ ಡಾಕ್‌ಯಾರ್ಡ್ ರೋಡ್ ಸ್ಟೇಶನ್ನಿನಲ್ಲಿ ಇಳಿದೆವು. ಅಲ್ಲಿ ಮಜಗಾಂವ್‌ನ ನವಾಬ್ ಟ್ಯಾಂಕ್ ರಸ್ತೆಯಲ್ಲಿ ಮುಂಬಯಿಯ ಚೀನೀ ಮಂದಿರವಿದೆ. ಹೆಸರು ಸೀ ಯಪ್ ಕೂನ್. ಕಟ್ಟಿದ್ದು 1919ರಲ್ಲಿ.

ಗೋಪುರ, ಕಲಶ ಹುಡುಕಿದರೆ ಸಿಗುವುದಿಲ್ಲ. ಹೊರಗಿನಿಂದ ಅದೊಂದು ಹಳೆಯ ಮಹಡಿ ಮನೆ. ಒಳಗೆ ಕಾಲಿಟ್ಟರೆ ಕೆಂಪು, ಚಿನ್ನದ ಬಣ್ಣ, ಊದುಬತ್ತಿಯ ಹೊಗೆ.

ಚೀನಾದ ದಕ್ಷಿಣ ಕರಾವಳಿಯ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಶಿನ್‌ಹುಯಿ, ತೈಶಾನ್, ಕೈಪಿಂಗ್, ಎನ್‌ಪಿಂಗ್ ಎಂಬ ನಾಲ್ಕು ಸೀಮೆಗಳಿವೆ. ಸೀ ಯಪ್ ಎಂದರೆ ಇವೇ ನಾಲ್ಕು ಸೀಮೆ. ಕೂನ್ ಎಂದರೆ ಅಲ್ಲಿಯವರು ಸೇರುವ ಮನೆ. ಅಲ್ಲಿನ ಜನ ಹಡಗು ಹತ್ತಿ ಲೋಕವೆಲ್ಲ ಹರಡಿದರು. ಮಜಗಾಂವ್ ಮುಂಬಯಿಯ ಏಳು ದ್ವೀಪಗಳಲ್ಲಿ ಒಂದಾಗಿತ್ತು. 1774ರಷ್ಟು ಹಿಂದೆಯೇ ಇಲ್ಲಿ ಹಡಗು ರಿಪೇರಿಯ ಡಾಕ್ ಇತ್ತು. ಹಡಗಿನ ಕೆಲಸಕ್ಕೆ ಬಂದು ಬಂದರಿನ ಮಗ್ಗುಲಲ್ಲಿ ನೆಲೆ ನಿಂತ ಆ ನಾಲ್ಕು ಸೀಮೆಯವರು ತಮ್ಮ ದೇವರಿಗೂ ಒಂದು ಮನೆ ಮಾಡಿಕೊಂಡರು.

ಕೆಳಗಿನ ಅಂತಸ್ತಿನಲ್ಲಿ ಕರುಣೆಯ ದೇವತೆ ಗುವಾನ್ ಯಿನ್. ಈ ತಾಯಿಯ ಮೂಲ ನಮ್ಮ ನೆಲದ್ದೇ. ಬೌದ್ಧರ ಅವಲೋಕಿತೇಶ್ವರ ಭಾರತದಿಂದ ಚೀನಾಕ್ಕೆ ಹೋಗಿ, ಅಲ್ಲಿನ ಜನರ ಭಕ್ತಿಯಲ್ಲಿ ಹೆಣ್ಣಾಗಿ, ತಾಯಿಯಾಗಿ, ನಾವಿಕರನ್ನು ಕಾಯುವ ದೇವಿಯಾದ. ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನೂ ಇವನೇ. ಮೂರು ಮುಖ, ಆರು ಕೈಗಳ ಆ ಕಂಚಿನ ಮೂರ್ತಿಯನ್ನು ಆಳುಪ ರಾಜ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನ ಹೇಳುತ್ತದೆ. ಇದನ್ನು ಕೇಳಿದ ಅಜ್ಜಿ ಚಪ್ಪಲಿ ಬಿಟ್ಟು ಮತ್ತೊಮ್ಮೆ ಒಳಗೆ ಹೋಗಿ ಕೈಮುಗಿದು ಬಂದರು.

ಮೇಲಿನ ಅಂತಸ್ತಿನ ದೇವರು ಕ್ವಾನ್ ಕುಂಗ್. ಕೆಂಪು ಮುಖ, ನೀಳ ಗಡ್ಡ. ಈತ ಕ್ರಿ.ಶ. 220ರಲ್ಲಿ ಮಡಿದ ಗುವಾನ್ ಯು ಎಂಬ ಸೇನಾನಿ. ಅಣ್ಣನೆಂದು ಆಣೆಯಿಟ್ಟು ಒಪ್ಪಿಕೊಂಡನೆಂದು ಕಥೆ ಹೇಳುವ ತನ್ನ ಒಡೆಯ ಲಿಯು ಬೇಯ್‌ಗೆ ಕೊನೆಯವರೆಗೂ ನಿಷ್ಠನಾಗಿದ್ದ. ನಮ್ಮಲ್ಲಿ ವೀರರು ದೈವವಾದಂತೆ ಅವನೂ ದೈವವಾದ. ಪರವೂರಿನಲ್ಲಿ ರಕ್ತಸಂಬಂಧವಿಲ್ಲದವರೇ ಒಬ್ಬರಿಗೊಬ್ಬರು ಅಣ್ಣತಮ್ಮಂದಿರಾಗಬೇಕಿದ್ದ ಜನಕ್ಕೆ ಇವನಿಗಿಂತ ಹತ್ತಿರದ ದೇವರು ಇನ್ನಾರು? ಹರಕೆ ಹೊತ್ತವರು ಕೆಂಪು ಮೇಣದಬತ್ತಿ ಹಚ್ಚುತ್ತಾರೆ. ಬಿದಿರಿನ ಡಬ್ಬಿ ಅಲ್ಲಾಡಿಸಿ, ಹೊರಬಿದ್ದ ಕಡ್ಡಿಯ ಸಂಖ್ಯೆ ನೋಡಿ ಭವಿಷ್ಯ ತಿಳಿಯುತ್ತಾರೆ. ನಮ್ಮೂರ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಹಾಗೆ.

1962ರ ಭಾರತ-ಚೀನಾ ಯುದ್ಧ ಈ ಚೀನೀ ಸಮುದಾಯದ ಬದುಕನ್ನು ಕಲಕಿತು. ಆಗ ದೇಶದ ಸುಮಾರು 3,000 ಚೀನೀ ಮೂಲದವರನ್ನು, ಹೆಚ್ಚಾಗಿ ಅಸ್ಸಾಂ, ಬಂಗಾಳದವರನ್ನು, ರಾಜಸ್ಥಾನದ ದೇವಲಿಯಲ್ಲಿ ಕೂಡಿಹಾಕಲಾಗಿತ್ತು. ಮುಂದೆ ಎಷ್ಟೋ ಮನೆಯವರು ಪರದೇಶಕ್ಕೆ ಹೋದರು. ಮುಂಬಯಿಯಲ್ಲಿ ಉಳಿದವರು ಕೆಲವೇ ಮಂದಿ. ಅವರಿಗೆ ಮುಂಬಯಿಯೇ ಊರು. ಚೀನೀ ಹೊಸ ವರ್ಷ ಬಂದಾಗ ಎಲ್ಲರೂ ಇಲ್ಲಿ ಸೇರುತ್ತಾರೆ, ಮಂದಿರ ಝಗಝಗಿಸುತ್ತದೆ.

ನನಗೆ ಅಲ್ಲಿ ನೆನಪಾದದ್ದು ನಮ್ಮದೇ ಹಿರಿಯರು. ಕಡಲತಡಿಯಿಂದ ಬಂದ ಮೊಗವೀರರು 1902ರಲ್ಲೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಊರು ಬಿಟ್ಟವರಿಗೆ ಊರಿನವರೇ ಆಸರೆ. ಅವರದು ಚೀನಾದ ಕರಾವಳಿ, ನಮ್ಮದು ತುಳುನಾಡಿನ ಕರಾವಳಿ. ಬಂದಿಳಿದದ್ದು ಮಾತ್ರ ಒಂದೇ ಮುಂಬಯಿಗೆ.

ಮಂದಿರಕ್ಕೆ ಹೊರಟ ಕಲ್ಯಾಣ್, ಡೊಂಬಿವಲಿ, ಥಾಣೆಯವರು ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹಿಡಿಯಬೇಕು. ವಾಶಿ, ನೆರೂಲ್, ಬೇಲಾಪುರದವರಿಗೆ ಸಿಎಸ್‌ಎಂಟಿ ಗಾಡಿ ನೇರ. ಭಾನುವಾರ ಹೊರಡುವವರು ಹಳಿ ದುರಸ್ತಿಯ ಮೆಗಾಬ್ಲಾಕ್ ಇದೆಯೇ ವಿಚಾರಿಸಿಕೊಳ್ಳಿ. ಸ್ಟೇಶನ್ನಿನ ಪಕ್ಕದ ಗುಡ್ಡದ ಮೇಲಿನ ಜೋಸೆಫ್ ಬ್ಯಾಪ್ಟಿಸ್ಟಾ ಉದ್ಯಾನದಿಂದ ಬಂದರು, ಹಡಗು, ಕಡಲು ಕಾಣುತ್ತವೆ. ಸಮಯವಿದ್ದರೆ ಭಾವೂಚಾ ಧಕ್ಕಾ ಎಂಬ ದೋಣಿಕಟ್ಟೆಯಿಂದ ಉರಣ್ ಬಳಿಯ ಮೋರಾಕ್ಕೆ ಹೋಗುವ ಲಾಂಚ್ ಹತ್ತಿ. ಉರಣ್‌ನಿಂದ ಮರಳಲು ನೆರೂಲ್‌ಗೆ ಈಗ ಲೋಕಲ್ ಇದೆ.

ಈ ಮಂದಿರ ನೋಡುಗರಿಗಾಗಿ ಇಟ್ಟ ವಸ್ತುಸಂಗ್ರಹಾಲಯವಲ್ಲ, ಪೂಜೆ ನಡೆಯುವ ಜಾಗ. ಚಪ್ಪಲಿ ಹೊರಗಿಡಿ, ಕೇಳಿ ಫೋಟೋ ತೆಗೆಯಿರಿ, ಒಂದು ಊದುಬತ್ತಿ ಹಚ್ಚಿ. ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ.