ಮಗು ಯಾವ ಕಡೆ ಮುಖ ಮಾಡಿದೆ?

ಹೆರಿಗೆ ಕೋಣೆಯಲ್ಲಿ ಒಳಪರೀಕ್ಷೆ ಮಾಡುವ ವೈದ್ಯೆ ಗರ್ಭದ ಬಾಯಿ ಎಷ್ಟು ತೆರೆದಿದೆ ಎಂದಷ್ಟೇ ನೋಡುವುದಿಲ್ಲ. ಮಗುವಿನ ತಲೆಯ ಮೇಲೆ ಮೂಳೆ ಇನ್ನೂ ಕೂಡಿಕೊಳ್ಳದ ಎರಡು ಜಾಗಗಳನ್ನು ಬೆರಳಲ್ಲಿ ಹುಡುಕುತ್ತಾರೆ. ಮುಂದಿನದು ದೊಡ್ಡದು, ವಜ್ರಾಕಾರದ್ದು. ಬಾಣಂತನದಲ್ಲಿ ಅಜ್ಜಿಯರು ಎಣ್ಣೆ ಒತ್ತುವ ನೆತ್ತಿ ಅದೇ. ಹಿಂದಿನದು ಪುಟ್ಟ ತ್ರಿಕೋನ. ಆ ತ್ರಿಕೋನ ತಾಯಿಯ ಹೊಟ್ಟೆಯ ಕಡೆ ಸಿಕ್ಕಿದರೆ ಮಗುವಿನ ಮುಖ ತಾಯಿಯ ಬೆನ್ನಿನತ್ತ ಇದೆ ಎಂದರ್ಥ. ಹೆರಿಗೆಗೆ ಅದೇ ಅನುಕೂಲ.

ಕಾರಣ ಬರೀ ಅಳತೆಯದು. ಗದ್ದವನ್ನು ಎದೆಗೆ ಒತ್ತಿಕೊಂಡು ಬರುವ ತಲೆಯ ಅಡ್ಡಳತೆ ಸುಮಾರು 9.5 ಸೆಂ.ಮೀ. ಮುಖ ಹೊಟ್ಟೆಯ ಕಡೆಗಿದ್ದಾಗ ಗದ್ದ ಸಾಮಾನ್ಯವಾಗಿ ಮೇಲೆದ್ದಿರುತ್ತದೆ, ಅಳತೆ 11 ಸೆಂ.ಮೀ. ದಾಟುತ್ತದೆ. ಸೊಂಟದ ಮೂಳೆಗಳ ದಾರಿಯಾದರೋ ಮೇಲ್ಗಡೆ ಅಡ್ಡಕ್ಕೆ ಅಗಲ, ಕೆಳಗಡೆ ಹಿಂದೆಮುಂದಕ್ಕೆ ಅಗಲ. ಹಾಗಾಗಿ ತಲೆ ತಿರುಗಿಕೊಂಡೇ ಇಳಿಯಬೇಕು. ತಿರುಗದಿದ್ದರೆ ನೋವು ಗಂಟೆಗಟ್ಟಲೆ ಎಳೆಯುತ್ತದೆ, ತಾಯಿ ಸುಸ್ತಾಗುತ್ತಾಳೆ, ಇಕ್ಕಳವೋ ಸಿಸೇರಿಯನ್ನೋ ಬೇಕಾಗುವ ಸಂಭವ ಹೆಚ್ಚು. ಆದರೆ ನೋವಿನ ಆರಂಭದಲ್ಲಿ ಹೀಗಿರುವ ಮಕ್ಕಳಲ್ಲಿ ಬಹುಪಾಲು ದಾರಿಯಲ್ಲೇ ಹೊರಳಿಕೊಳ್ಳುತ್ತವೆ. ಕೊನೆಗೆ ಮೇಲ್ಮುಖವಾಗಿಯೇ ಹುಟ್ಟುವವು ನೂರಕ್ಕೆ ಐದರ ಆಸುಪಾಸು.

ಇನ್ನು ಸೊಂಟ ಮುರಿಯುವಂಥ ನೋವು. ಮಗುವಿನ ಹಿಂದಲೆ ತಾಯಿಯ ಬೆನ್ನುಮೂಳೆಯ ಬುಡಕ್ಕೆ ಒತ್ತುವುದರಿಂದಲೇ ಅದು ಬರುತ್ತದೆಂದು ಪಠ್ಯಪುಸ್ತಕಗಳೂ ಹೇಳುತ್ತ ಬಂದಿವೆ. ಒಪ್ಪುವಂತೆಯೇ ಇದೆ. ಆದರೆ 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 1,500ಕ್ಕೂ ಹೆಚ್ಚು ಗರ್ಭಿಣಿಯರಿಗೆ ಸ್ಕ್ಯಾನ್ ಮಾಡಿ ಹೋಲಿಸಿದಾಗ, ಮುಖ ಎತ್ತ ಇದ್ದರೂ ಸೊಂಟನೋವಿನ ದೂರು ಹೆಚ್ಚುಕಡಿಮೆ ಒಂದೇ ಆಗಿತ್ತು. ಗರ್ಭಕೋಶದ ನೋವನ್ನು ಒಯ್ಯುವ ನರಗಳು ಬೆನ್ನುಹುರಿಗೆ ಸೇರುವ ಮಟ್ಟದಲ್ಲೇ ಸೊಂಟದ ಚರ್ಮದ ನರಗಳೂ ಸೇರುತ್ತವೆ. ಮಿದುಳಿಗೆ ನೋವಿನ ಮೂಲ ಗುರುತಿಸುವುದು ಕಷ್ಟ. ಸೊಂಟ ನೋಯುತ್ತಿದೆ ಎಂದಮಾತ್ರಕ್ಕೆ ಮಗು ತಿರುಗಿಲ್ಲ ಎಂದು ಹೆದರಬೇಕಿಲ್ಲ.

‘ಸರಿಯಾಗಿ ಕೂರಲಿಲ್ಲ, ಅದಕ್ಕೇ ಮಗು ತಿರುಗಲಿಲ್ಲ’ ಎಂದು ಬಸುರಿಯನ್ನೇ ದೂರುವವರೂ ಉಂಟು. ಆಸ್ಟ್ರೇಲಿಯಾದಲ್ಲಿ 2,500ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ. ಅರ್ಧದಷ್ಟು ಮಂದಿ ಕೊನೆಯ ವಾರಗಳಲ್ಲಿ ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ ಅಂಬೆಗಾಲಿನಲ್ಲಿ ನಿಂತು ಸೊಂಟ ಆಡಿಸಿದರು. ಹೆರಿಗೆಯ ಹೊತ್ತಿಗೆ ಮಗುವಿನ ಮುಖದ ದಿಕ್ಕಿನಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸ ಕಾಣಲಿಲ್ಲ. ನೋವು ಶುರುವಾದ ಮೇಲೆ ಅದೇ ಭಂಗಿ ಸೊಂಟಕ್ಕೆ ಆರಾಮ ಕೊಡುತ್ತದೆ ಎಂಬುದು ಬೇರೆ ಮಾತು. ಅಷ್ಟಕ್ಕಾದರೂ ಮಂಚದ ಮೇಲೆ ಅಂಗಾತ ಮಲಗಿಸಿಯೇ ಇಡುವ ರೂಢಿ ಸಡಿಲಬೇಕು. ಗರ್ಭದ ಬಾಯಿ ಪೂರ್ತಿ ತೆರೆದ ಮೇಲೂ ತಲೆ ತಿರುಗದಿದ್ದರೆ, ಪಳಗಿದ ವೈದ್ಯರು ಕೈಯಿಂದಲೇ ಮೆಲ್ಲಗೆ ತಿರುಗಿಸಲು ನೋಡುತ್ತಾರೆ.